ಹಾಬಿ ಓಎಸ್‌ಗೆ ಸಿಸ್ಟಂ ಕಾಲ್ ಡಿಸೈನ್ ಮಾಡ್ತಿದೀನಿ, ಲಿನಕ್ಸ್ ಥರಾನೇ ಇಡ್ಲಾ ಅಥವಾ ನಂದೇ ದಾರಿ ಹಿಡೀಲಾ?

ರಿಂಗ್‌ಸೊನ್ನೆ:
ಎಲ್ರಿಗೂ ನಮಸ್ಕಾರ. ಬಿಡುವಿದ್ದಾಗ ಬರೀತಿರೋ ಒಂದು ಚಿಕ್ಕ ಓಎಸ್ ಇದೆ, ಎಕ್ಸ್86-64, ಸಿ ಮತ್ತೆ ಸ್ವಲ್ಪ ಅಸೆಂಬ್ಲಿ. ಪೇಜಿಂಗ್ ಆಯ್ತು, ಟೈಮರ್ ಇಂಟರಪ್ಟ್ ಮೇಲೆ ಓಡೋ ರೌಂಡ್ ರಾಬಿನ್ ಶೆಡ್ಯೂಲರ್ ಆಯ್ತು, ಇಎಲ್‌ಎಫ್ ಫೈಲ್ (ಕಂಪೈಲ್ ಆದ ಪ್ರೋಗ್ರಾಂ) ಲೋಡ್ ಮಾಡಿ ಐರೆಟ್‌ಕ್ಯೂ (ಇಂಟರಪ್ಟ್‌ನಿಂದ ವಾಪಸ್ ಹೋಗೋ ಇನ್‌ಸ್ಟ್ರಕ್ಷನ್) ಹಾಕಿ ರಿಂಗ್ 3ಗೆ, ಅಂದ್ರೆ ಯೂಸರ್ ಮೋಡ್‌ಗೆ (ಕರ್ನಲ್ ಇರೋದು ರಿಂಗ್ 0), ಹಾರೋದೂ ಆಯ್ತು. ಹಾರಿದ ಮೇಲೆ ಪಾಪ ಪ್ರೋಗ್ರಾಂಗೆ ಮಾಡಕ್ಕೆ ಕೆಲ್ಸ ಇಲ್ಲ, ಸುಮ್ನೆ ಲೂಪ್ ಹೊಡ್ಕೊಂಡು ಕೂತಿರತ್ತೆ, ಕರ್ನಲ್‌ನ ಏನಾದ್ರೂ ಕೇಳಕ್ಕೆ ದಾರೀನೇ, ಅಂದ್ರೆ ಸಿಸ್ಟಂ ಕಾಲ್‌ಗಳೇ, ಇಲ್ವಲ್ಲ.

ಈಗ ತಲೇಲಿರೋ ಪ್ಲಾನ್: ಯಾವ ಕಾಲ್ ಅನ್ನೋ ನಂಬರ್ ಆರ್‌ಎಎಕ್ಸ್ ರಿಜಿಸ್ಟರ್‌ನಲ್ಲಿ, ಆರ್ಗ್ಯುಮೆಂಟ್ಸ್ ಆರ್‌ಡಿಐ, ಆರ್‌ಎಸ್‌ಐ, ಆರ್‌ಡಿಎಕ್ಸ್ ಹಿಂಗೆ ಸಿ ಕಾಲಿಂಗ್ ಕನ್ವೆನ್ಷನ್ ಥರಾನೇ, ರಿಸಲ್ಟ್ ವಾಪಸ್ ಆರ್‌ಎಎಕ್ಸ್‌ನಲ್ಲಿ. ಡೌಟ್ ಇರೋದು ಎಲ್ಲೆಲ್ಲಿ ಅಂದ್ರೆ, ಇಂಟ್ 80 ಹೆಕ್ಸ್ (ಸಾಫ್ಟ್‌ವೇರ್ ಇಂಟರಪ್ಟ್) ಸಾಕಾ ಅಥವಾ ಸಿಸ್‌ಕಾಲ್ ಇನ್‌ಸ್ಟ್ರಕ್ಷನ್ನೇ ಬಳಸ್ಬೇಕಾ, ಲಿನಕ್ಸ್ ನಂಬರ್‌ಗಳನ್ನೇ ಎತ್ಕೊಂಡ್ರೆ ಮುಂದೆ ಮಸ್ಲ್ (ಒಂದು ಚಿಕ್ಕ ಸಿ ಲೈಬ್ರರಿ) ಪೋರ್ಟ್ ಮಾಡೋದು ಸುಲಭ ಆಗತ್ತಾ, ಆಮೇಲೆ ಫೋರ್ಕ್ (ಓಡ್ತಿರೋ ಪ್ರೋಸೆಸ್‌ನ ನಕಲು ಮಾಡಿ ಹೊಸದು ಹುಟ್ಸೋ ಕಾಲ್) ಬೇಕಾ ಬೇಡ್ವಾ. ಎರರ್ ಹೆಂಗೆ ವಾಪಸ್ ಕೊಡೋದು ಅನ್ನೋದೂ ಪಕ್ಕಾ ಆಗಿಲ್ಲ. ಅನುಭವ ಇರೋರು ಸ್ವಲ್ಪ ಹೇಳಿ.

ಪೇಜ್‌ಫಾಲ್ಟ್_ಪುಟ್ಟ:
ಇಂಟ್ ಹಾಕು ಗುರು, ಮುಂದಕ್ಕೆ ಹೋಗು. ಐಡಿಟಿಲಿ (ಇಂಟರಪ್ಟ್ ಟೇಬಲ್) ಒಂದು ಗೇಟು, ಅದರ ಡಿಪಿಎಲ್ (ಯಾವ ರಿಂಗ್‌ನಿಂದ ಕರೀಬೋದು ಅನ್ನೋದು) 3, ಅಷ್ಟೇ. ಸ್ಟ್ಯಾಕ್ ಬದಲಾಯಿಸೋದು, ಫ್ಲ್ಯಾಗ್ಸ್ ಉಳಿಸೋದು ಎಲ್ಲಾ ಸಿಪಿಯುನೇ ಮಾಡ್ಕೊಡತ್ತೆ, ನಿನ್ನ ಟೈಮರ್ ಹ್ಯಾಂಡ್ಲರ್‌ಗೆ ಬರೆದಿರೋ ಕೋಡ್‌ನೇ ಮತ್ತೆ ಬಳಸ್ಬೋದು. ಸ್ಪೀಡ್ ಬಗ್ಗೆ ಆಮೇಲೆ ನೋಡ್ಕೊಂಡ್ರಾಯ್ತು, ನಿನ್ನ ಓಎಸ್‌ನಲ್ಲಿ ಯಾರೂ ಡೇಟಾಬೇಸ್ ಓಡಿಸಲ್ಲ ಬಿಡು.

ಹಳೇ_ಯೂನಿಕ್ಸಿಗ:
ಪುಟ್ಟ ಹೇಳಿದ್ದು ಶುರುವಿಗೆ ಸರಿ. ಆದ್ರೆ ಎಂದಾದ್ರೂ ಸಿಸ್‌ಕಾಲ್‌ಗೆ ಹೋಗೋ ಆಸೆ ಇದ್ರೆ ರಿಜಿಸ್ಟರ್ ಲೆಕ್ಕಾನ ಇವತ್ತೇ ಅದಕ್ಕೆ ಹೊಂದೋ ಹಂಗೆ ಇಡಿ. ಸಿಸ್‌ಕಾಲ್ ಇನ್‌ಸ್ಟ್ರಕ್ಷನ್ ವಾಪಸ್ ಬರಬೇಕಾದ ಅಡ್ರೆಸ್‌ನ ಆರ್‌ಸಿಎಕ್ಸ್‌ಗೆ ತುರುಕತ್ತೆ, ಫ್ಲ್ಯಾಗ್ಸ್‌ನ ಆರ್11ಗೆ. ಅಲ್ಲಿಗೆ ಸಿ ಕನ್ವೆನ್ಷನ್‌ನ ನಾಲ್ಕನೇ ಆರ್ಗ್ಯುಮೆಂಟ್ ಹೋಯ್ತು, ಅದು ಇರೋದೇ ಆರ್‌ಸಿಎಕ್ಸ್‌ನಲ್ಲಿ ತಾನೇ. ಲಿನಕ್ಸ್‌ನೋರು ಅದಕ್ಕೇ ನಾಲ್ಕನೇದನ್ನ ಆರ್10ರಲ್ಲಿ ಕಳಿಸ್ತಾರೆ. ನೀವೂ ಅದನ್ನೇ ಮಾಡಿ, ಈಗ ಇಂಟ್ ಬಳಸ್ತಿದ್ರೂ ಸರಿ.

ಈ ಇನ್‌ಸ್ಟ್ರಕ್ಷನ್ನಿನ ಮಿಕ್ಕ ಕಾಟಗಳನ್ನೂ ಹೇಳಿಬಿಡ್ತೀನಿ, ಎಲ್ಲರೂ ಒಂದೊಂದಾಗಿ ಎಡವೋ ಜಾಗ ಇದು. ಇಎಫ್‌ಇಆರ್ ಅನ್ನೋ ಸಿಪಿಯು ಸೆಟ್ಟಿಂಗ್ ರಿಜಿಸ್ಟರಿನ ಸೊನ್ನೆನೇ ಬಿಟ್ ಆನ್ ಮಾಡದೇ ಇದ್ರೆ ಸಿಸ್‌ಕಾಲ್ ಅಂದಾಗ ಇನ್‌ವ್ಯಾಲಿಡ್ ಆಪ್‌ಕೋಡ್ ಎಕ್ಸೆಪ್ಷನ್ ಬರತ್ತೆ. ಎಂಟ್ರಿ ಅಡ್ರೆಸ್ ಹೋಗೋದು ಎಲ್‌ಸ್ಟಾರ್‌ಗೆ, ಅಂದ್ರೆ ಎಂಎಸ್‌ಆರ್ (ಸಿಪಿಯುನ ವಿಶೇಷ ರಿಜಿಸ್ಟರ್) ಹೆಕ್ಸ್ ಸಿ0000082. ಸೆಗ್ಮೆಂಟ್ ಸೆಲೆಕ್ಟರ್‌ಗಳು ಸ್ಟಾರ್‌ನಲ್ಲಿ, ಅದರ ಹಿಂದಿನ ನಂಬರ್. ಸಿಸ್‌ರೆಟ್ (ಸಿಸ್‌ಕಾಲ್‌ನಿಂದ ವಾಪಸ್ ಹೋಗೋ ಇನ್‌ಸ್ಟ್ರಕ್ಷನ್) 64 ಬಿಟ್‌ಗೆ ವಾಪಸ್ ಹೋಗೋವಾಗ ಸ್ಟಾರ್‌ನ ಮೇಲಿನ 16 ಬಿಟ್‌ಗೆ 16 ಕೂಡ್ಸಿ ಸಿಎಸ್ ಮಾಡ್ಕೊಳತ್ತೆ, 8 ಕೂಡ್ಸಿ ಎಸ್‌ಎಸ್ ಮಾಡ್ಕೊಳತ್ತೆ, ಅಂದ್ರೆ ನಿಮ್ಮ ಜಿಡಿಟಿಲಿ (ಸೆಗ್ಮೆಂಟ್ ಟೇಬಲ್) ಯೂಸರ್ ಡೇಟಾ ಮೊದಲು, ಯೂಸರ್ ಕೋಡ್ ಅದರ ಪಕ್ಕದಲ್ಲೇ ಆಮೇಲೆ ಬರ್ಲೇಬೇಕು. ತುಂಬಾ ಜನ ಕೋಡ್ ಮೊದಲು ಇಟ್ಟಿರ್ತಾರೆ, ಆಮೇಲೆ ಯಾಕೆ ಪ್ರೊಟೆಕ್ಷನ್ ಫಾಲ್ಟ್ ಬರ್ತಿದೆ ಅಂತ ರಾತ್ರಿ ಎಲ್ಲಾ ಹುಡುಕ್ತಾರೆ.

ಇನ್ನೂ ಮುಖ್ಯವಾದ್ದು, ಸಿಸ್‌ಕಾಲ್ ಸ್ಟ್ಯಾಕ್ ಬದಲಾಯಿಸಲ್ಲ. ನೀವು ಕರ್ನಲ್ ಒಳಗೆ ಬಂದಾಗ್ಲೂ ಆರ್‌ಎಸ್‌ಪಿ (ಸ್ಟ್ಯಾಕ್ ಪಾಯಿಂಟರ್) ಯೂಸರ್‌ದೇ ಇರತ್ತೆ, ಅದರಲ್ಲಿ ಕಸ ಇರ್ಬೋದು, ಸೊನ್ನೆ ಇರ್ಬೋದು, ಕರ್ನಲ್ ಅಡ್ರೆಸ್ಸೇ ಇರ್ಬೋದು. ಆ ಸ್ಟ್ಯಾಕ್ ಮೇಲೆ ಒಂದು ಪುಶ್ ಮಾಡಿದ್ರೂ ಮುಗೀತು. ಅದಕ್ಕೇ ಮೊದಲು ಸ್ವಾಪ್‌ಜಿಎಸ್ (ಜಿಎಸ್ ಬೇಸ್‌ನ ಕರ್ನಲ್‌ದಕ್ಕೆ ಬದಲಾಯಿಸೋ ಇನ್‌ಸ್ಟ್ರಕ್ಷನ್), ಆಮೇಲೆ ಯೂಸರ್ ಆರ್‌ಎಸ್‌ಪಿನ ಪರ್-ಸಿಪಿಯು ಜಾಗದಲ್ಲಿ ಬಚ್ಚಿಟ್ಟು ಕರ್ನಲ್ ಆರ್‌ಎಸ್‌ಪಿ ಲೋಡ್ ಮಾಡಿ, ಅದಾದ್ಮೇಲೇನೇ ಪುಶ್. ಈ ನಡುವೆ ಟೈಮರ್ ಇಂಟರಪ್ಟ್ ಬರ್ಬಾರ್ದು, ಆದ್ರಿಂದ ಎಸ್‌ಎಫ್‌ಮಾಸ್ಕ್‌ನಲ್ಲಿ (ಒಳಗೆ ಬರೋವಾಗ ಯಾವ ಫ್ಲ್ಯಾಗ್ ಆಫ್ ಆಗ್ಬೇಕು ಅನ್ನೋ ಎಂಎಸ್‌ಆರ್) ಐಎಫ್ (ಇಂಟರಪ್ಟ್ ಫ್ಲ್ಯಾಗ್) ಬಿಟ್ ಹಾಕಿ, ಹಂಗೇ ಡಿಎಫ್ ಮತ್ತೆ ಟಿಎಫ್ ಕೂಡ. ಎನ್‌ಎಂಐ (ತಡೆಯಕ್ಕಾಗದ ಇಂಟರಪ್ಟ್) ಮಾತ್ರ ಈ ಮಾಸ್ಕ್ ಎಲ್ಲಾ ಕೇಳಲ್ಲ, ಅದಕ್ಕೆ ಐಎಸ್‌ಟಿಲಿ (ಇಂಟರಪ್ಟ್ ಸ್ಟ್ಯಾಕ್‌ಗಳ ಪಟ್ಟಿ) ಬೇರೆ ಸ್ಟ್ಯಾಕ್ ಕೊಡಿ.

ವಾಪಸ್ ಹೋಗೋವಾಗ ಒಂದು ಗುಂಡಿ. ಇಂಟೆಲ್ ಸಿಪಿಯುಗಳಲ್ಲಿ ಸಿಸ್‌ರೆಟ್ ಮಾಡೋವಾಗ ಆರ್‌ಸಿಎಕ್ಸ್‌ನಲ್ಲಿ ನಾನ್-ಕ್ಯಾನೊನಿಕಲ್ ಅಡ್ರೆಸ್ (ಸಿಪಿಯು ಒಪ್ಪದ ರೂಪದ್ದು) ಇದ್ರೆ ಫಾಲ್ಟ್ ರಿಂಗ್ 3ರಲ್ಲಿ ಬರಲ್ಲ, ರಿಂಗ್ 0ಯಲ್ಲೇ ಬರತ್ತೆ, ಅಷ್ಟೊತ್ತಿಗೆ ನೀವು ಆರ್‌ಎಸ್‌ಪಿನ ಯೂಸರ್‌ದಕ್ಕೆ ತಿರುಗ್ಸಿ ಆಗಿರತ್ತೆ. ಎಎಂಡಿಲಿ ಹಿಂಗಾಗಲ್ಲ. 2012ರಲ್ಲಿ ಇದೇ ವಿಷಯಕ್ಕೆ ಒಂದೇ ಸಲ ಫ್ರೀಬಿಎಸ್‌ಡಿ, ಝೆನ್, ವಿಂಡೋಸ್ ಎಲ್ಲಾ ಪ್ಯಾಚ್ ಹಾಕ್ಬೇಕಾಯ್ತು. ಸುಲಭದ ಪರಿಹಾರ ಏನಂದ್ರೆ ಯೂಸರ್ ಜಾಗದ ಕೊನೇ ಪೇಜ್‌ನ ಯಾರಿಗೂ ಮ್ಯಾಪ್ ಮಾಡ್ಬೇಡಿ, ಮತ್ತೆ ಟ್ರ್ಯಾಪ್ ಫ್ರೇಮ್‌ನ (ಉಳಿಸಿಟ್ಟ ಯೂಸರ್ ರಿಜಿಸ್ಟರ್‌ಗಳು) ಯಾರಾದ್ರೂ ತಿದ್ದಿರೋ ಚಾನ್ಸ್ ಇದ್ರೆ ಸಿಸ್‌ರೆಟ್ ಬಿಟ್ಟು ಐರೆಟ್‌ಕ್ಯೂನಲ್ಲೇ ಹೋಗಿ.

ರಿಂಗ್‌ಸೊನ್ನೆ:
ಸರ್ ಟಿಎಸ್‌ಎಸ್‌ನಲ್ಲಿ (ಸಿಪಿಯು ಸ್ಟ್ಯಾಕ್ ಅಡ್ರೆಸ್ ಹುಡುಕೋ ಜಾಗ) ಆರ್‌ಎಸ್‌ಪಿ0, ಅಂದ್ರೆ ಕರ್ನಲ್ ಸ್ಟ್ಯಾಕ್, ಹಾಕಿಟ್ಟಿದೀನಲ್ಲ, ಅದನ್ನ ಸಿಸ್‌ಕಾಲ್ ನೋಡೋದೇ ಇಲ್ವಾ?

ಹಳೇ_ಯೂನಿಕ್ಸಿಗ:
ನೋಡಲ್ಲ. ಅದು ಇಂಟರಪ್ಟ್, ಎಕ್ಸೆಪ್ಷನ್‌ಗೆ ಮಾತ್ರ.

ಆರ್‌ವಿ_ಪ್ರೇಮಿ:
ಇದನ್ನೆಲ್ಲಾ ಓದ್ತಾ ಇದ್ರೆ ರಿಸ್ಕ್-ವಿ ಸಿಪಿಯು ಹಿಡ್ದಿದ್ದೇ ಪುಣ್ಯ ಅನ್ಸತ್ತೆ 😄 ನಮ್ಗೆ ಇರೋದು ಒಂದೇ ಇನ್‌ಸ್ಟ್ರಕ್ಷನ್ ಇಕಾಲ್, ನಂಬರ್ ಎ7ರಲ್ಲಿ, ಆರ್ಗ್ಯುಮೆಂಟ್ಸ್ ಎ0ಯಿಂದ, ಎಸ್‌ಕಾಸ್ (ಟ್ರ್ಯಾಪ್‌ನ ಕಾರಣ) 8 ಬಂದ್ರೆ ಯೂಸರ್ ಮೋಡ್‌ನಿಂದ ಕರೆದಿದಾರೆ ಅಂತ. ಎಸ್‌ಇಪಿಸಿಗೆ (ವಾಪಸ್ ಹೋಗೋ ಅಡ್ರೆಸ್) 4 ಕೂಡ್ಸೋದು ಮರೀಬಾರ್ದು, ಇಲ್ಲಾಂದ್ರೆ ಅದೇ ಇಕಾಲ್‌ಗೆ ವಾಪಸ್ ಹೋಗಿ ಸುತ್ತುತ್ತಾನೇ ಇರತ್ತೆ, ಅಷ್ಟೇ ಕಾಟ.

ಸೆಮಿಕೋಲನ್:
ಲಿನಕ್ಸ್ ನಂಬರ್ ವಿಷ್ಯಕ್ಕೆ ಬರೋಣ. ನಾನಂತೂ ಎತ್ಕೋ ಅಂತೀನಿ. ರೀಡ್ 0, ರೈಟ್ 1, ಓಪನ್ 2, ಕ್ಲೋಸ್ 3, ಟೇಬಲ್ ರೆಡಿ ಇದೆ, ಮಸ್ಲ್ ಜೊತೆ ಸ್ಟ್ಯಾಟಿಕ್ ಲಿಂಕ್ ಮಾಡಿದ ಬೈನರಿ ತಂದು ನಿನ್ನ ಓಎಸ್ ಮೇಲೆ ಇಟ್ರೆ ಓಡತ್ತೆ, ಆ ಖುಷಿನೇ ಬೇರೆ ಮಗಾ. ನಿಂದೇ ಸಿ ಲೈಬ್ರರಿ ಬರೀತಾ ಕೂತ್ರೆ ಪ್ರಿಂಟ್‌ಎಫ್‌ನ ಫ್ಲೋಟಿಂಗ್ ಪಾಯಿಂಟ್‌ನಲ್ಲೇ ಉತ್ಸಾಹ ಎಲ್ಲಾ ಇಳ್ದೋಗತ್ತೆ.

ಟ್ರ್ಯಾಪ್_ಫ್ರೇಮ್:
ಓಡತ್ತೆ ಅನ್ನೋದು ಅಷ್ಟು ಸಲೀಸಲ್ಲ ಸೆಮಿಕೋಲನ್. ಮಸ್ಲ್‌ನಲ್ಲಿ ಬರೀ ಹಲೋ ಪ್ರಿಂಟ್ ಮಾಡೋ ಸ್ಟ್ಯಾಟಿಕ್ ಪ್ರೋಗ್ರಾಂನ ಲಿನಕ್ಸ್ ಮೇಲೆ ಸ್ಟ್ರೇಸ್ (ಸಿಸ್ಟಂ ಕಾಲ್‌ಗಳನ್ನ ತೋರ್ಸೋ ಟೂಲ್) ಹಾಕಿ ನೋಡಿ. ಮೊದಲು ಆರ್ಚ್_ಪಿಆರ್‌ಸಿಟಿಎಲ್, ನಂಬರ್ 158, ಥ್ರೆಡ್ ಲೋಕಲ್ ಸ್ಟೋರೇಜ್‌ಗೆ ಎಫ್‌ಎಸ್ ಬೇಸ್ ಇಡಕ್ಕೆ. ಆಮೇಲೆ ಸೆಟ್_ಟಿಐಡಿ_ಅಡ್ರೆಸ್, 218. ಆಮೇಲೆ ಸ್ಟ್ಯಾಂಡರ್ಡ್ ಔಟ್‌ಪುಟ್ ಟರ್ಮಿನಲ್ಲಾ ಅಲ್ವಾ ಅಂತ ನೋಡಕ್ಕೆ ಐಒಸಿಟಿಎಲ್, 16. ಅದಾದ್ಮೇಲೆ ರೈಟ್ ಬರತ್ತೆ ಅನ್ಕೊಂಡ್ರೆ ಬರೋದು ರೈಟ್‌ವಿ, 20. ಕೊನೇಲಿ ಎಕ್ಸಿಟ್ ಅಲ್ಲ, ಎಕ್ಸಿಟ್_ಗ್ರೂಪ್, 231. ಒಂದು ಸಾಲು ಪ್ರಿಂಟ್ ಆಗಕ್ಕೆ ಇಷ್ಟು, ಇದರಲ್ಲಿ ಒಂದೂ ನೀವು ಬರೀಬೇಕು ಅನ್ಕೊಂಡಿದ್ದ ಲಿಸ್ಟ್‌ನಲ್ಲಿ ಇರಲ್ಲ. ಐಒಸಿಟಿಎಲ್‌ಗೆ ಎರರ್ ಕೊಟ್ಟು ಸಾಗಹಾಕ್ಬೋದು ನಿಜ, ಆದ್ರೆ ಬಿಸಿಬಾಕ್ಸ್ (ಯೂನಿಕ್ಸ್ ಕಮಾಂಡ್‌ಗಳ ಗಂಟು) ತರೋ ಹೊತ್ತಿಗೆ ನೀವು ನಿಮ್ಮ ಓಎಸ್ ಬರೀತಿರಲ್ಲ, ಲಿನಕ್ಸ್‌ನ ಅರ್ಧಂಬರ್ಧ ನಕಲು ಬರೀತಿರ್ತೀರ. ಅದೇ ಬೇಕು ಅನ್ನೋರಿಗೆ ತಪ್ಪೇನಿಲ್ಲ, ಅದೂ ಒಂದು ಮಜಾನೇ. ಪ್ರಶ್ನೆ ಕೇಳಿರೋರು "ಡಿಸೈನ್" ಅಂದಿದಾರೆ ಅಂತ ಹೇಳ್ದೆ.

ಸೆಮಿಕೋಲನ್:
ಒಪ್ಕೊಂಡೆ. ಆದ್ರೂ ರೈಟ್‌ವಿ ಹತ್ತು ಸಾಲು ಕೋಡ್ ಅಷ್ಟೇ.

ಹಳೇ_ಯೂನಿಕ್ಸಿಗ:
ನಂಬರ್ ಬಗ್ಗೆ ಇಷ್ಟು ತಲೆ ಕೆಡಿಸ್ಕೊಳ್ಳೋ ಅಗತ್ಯಾನೇ ಇಲ್ಲ. ನಂಬರ್‌ನ ಪಬ್ಲಿಕ್ ಮಾಡ್ಲೇಬೇಡಿ. ವಿಂಡೋಸ್‌ನಲ್ಲಿ ಸಿಸ್ಟಂ ಕಾಲ್ ನಂಬರ್ ಬಿಲ್ಡ್‌ನಿಂದ ಬಿಲ್ಡ್‌ಗೆ ಬದಲಾಗತ್ತೆ, ಪ್ರೋಗ್ರಾಂಗಳು ಎನ್‌ಟಿಡಿಎಲ್‌ಎಲ್ ಅನ್ನೋ ಸಿಸ್ಟಂ ಲೈಬ್ರರಿ ಮೂಲಕಾನೇ ಬರ್ಬೇಕು. ಮ್ಯಾಕ್‌ಓಎಸ್‌ನಲ್ಲೂ ಲಿಬ್‌ಸಿಸ್ಟಮ್ಮೇ ಬಾಗಿಲು. 2016ರಲ್ಲಿ ಸಿಯೆರಾ ಬಂದಾಗ ಗೆಟ್‌ಟೈಮ್‌ಆಫ್‌ಡೇಯ ಒಳಗಿನ ರೀತಿ ಬದಲಾಯಿಸಿದ್ರು, ನೇರವಾಗಿ ಸಿಸ್ಟಂ ಕಾಲ್ ಮಾಡ್ತಿದ್ದ ಗೋ ಭಾಷೆಯ ಪ್ರೋಗ್ರಾಂಗಳು ಬಿದ್ದೋದ್ವು. ಓಪನ್‌ಬಿಎಸ್‌ಡಿ ಅಂತೂ 2024ರಲ್ಲಿ ನಂಬರ್ ಕೊಟ್ಟು ಕರೆಯೋ ಸಿಸ್‌ಕಾಲ್ ಫಂಕ್ಷನ್ನೇ ಕಿತ್ತಾಕ್ತು. ಹೊರಗಿನೋರು ಯಾರು ಬಂದ್ರೂ ನಂಬರ್ ನೇರವಾಗಿ ಹಾಕ್ಬಹುದು ಅಂತ ಮಾತು ಕೊಟ್ಟಿರೋದು ಲಿನಕ್ಸ್, ಅದಕ್ಕೆ ಅವ್ರು ಹಳೇದನ್ನ ಸುಲಭವಾಗಿ ತೆಗೆಯಕ್ಕಾಗಲ್ಲ. ನಿಮ್ಗೆ ಆ ಹೊರೆ ಯಾಕೆ? ನಿಮ್ಮ ಲೈಬ್ರರಿ ಒಂದೇ ಕರ್ನಲ್‌ನ ಮುಟ್ಲಿ, ಬೆಳಗ್ಗೆ ಎದ್ದು ಟೇಬಲ್ ಪೂರ್ತಿ ತಿರುಗ್ಸಿ ಹಾಕಿ ಮತ್ತೆ ಕಂಪೈಲ್ ಮಾಡಿದ್ರೆ ಯಾರೂ ಕೇಳಲ್ಲ.

ಟ್ರ್ಯಾಪ್_ಫ್ರೇಮ್:
ಇದು ಸರಿ. ಆದ್ರೆ ಇಲ್ಲಿವರೆಗೂ ಎಲ್ರೂ ಬಾಗಿಲು ಹೆಂಗಿರ್ಬೇಕು ಅಂತಾನೇ ಮಾತಾಡ್ತಿದೀವಿ. ಬಾಗಿಲು ಒಂದ್ಸಲ ಬರೆದ್ರೆ ಮತ್ತೆ ಆ ಫೈಲ್ ತೆಗೆಯೋದೂ ಇಲ್ಲ. ನನ್ನ ಪ್ರಕಾರ ಡಿಸೈನ್ ಅಂದ್ರೆ ಒಳಗೆ ಬಂದ ಪಾಯಿಂಟರ್‌ನ ಏನು ಮಾಡ್ತೀರ ಅನ್ನೋದು. ರಿಂಗ್‌ಸೊನ್ನೆ, ನಿಮ್ಮ ರೈಟ್ ಕಾಲ್‌ನೇ ತಗೊಳೋಣ: ಎಫ್‌ಡಿ (ತೆರೆದ ಫೈಲ್‌ನ ನಂಬರ್), ಬಫರ್ ಅಡ್ರೆಸ್, ಉದ್ದ.

ಮೊದಲು ನಂಬರ್ ಚೆಕ್. ಟೇಬಲ್ ಸೈಜ್‌ಗಿಂತ ಕಮ್ಮಿ ಇದ್ಯಾ ಅಂತ ನೋಡೋವಾಗ ವೇರಿಯಬಲ್ ಸೈನ್ಡ್ ಇಂಟ್ ಆಗಿದ್ರೆ ಮೈನಸ್ 5 ಕೂಡ ಪಾಸಾಗತ್ತೆ, ಟೇಬಲ್‌ನ ಹಿಂದೆ ಇರೋ ಯಾವ್ದೋ ಎಂಟು ಬೈಟ್‌ನ ಫಂಕ್ಷನ್ ಪಾಯಿಂಟರ್ ಅನ್ಕೊಂಡು ಹಾರತ್ತೆ. ಅನ್‌ಸೈನ್ಡ್ ಇರ್ಬೇಕು.

ಈಗ ಬಫರ್. ಅಡ್ರೆಸ್ ಯೂಸರ್ ಭಾಗದಲ್ಲಿದ್ಯಾ ಅಂತ ನೋಡ್ತೀರ, ಇದೆ. ಅಡ್ರೆಸ್ ಪ್ಲಸ್ ಉದ್ದ ಯೂಸರ್ ಗಡಿಗಿಂತ ಕಮ್ಮಿನಾ ಅಂತ ನೋಡ್ತೀರ, ಅದೂ ಕಮ್ಮಿನೇ. ಆದ್ರೆ ಉದ್ದ ಅಂತ 64 ಬಿಟ್‌ನ ಭಾರೀ ನಂಬರ್ ಕೊಟ್ಟಿದ್ರೆ ಕೂಡ್ಸಿದಾಗ ಸುತ್ತಿ ಬಂದು ಚಿಕ್ಕದಾಗಿಬಿಡತ್ತೆ, ಚೆಕ್ ಪಾಸ್, ಆಮೇಲೆ ಕಾಪಿ ಲೂಪ್ ಕರ್ನಲ್ ಒಳಗೇ ನುಗ್ಗತ್ತೆ. ಕೂಡಿಸ್ಲೇಬೇಡಿ. ಉದ್ದ ಮೊದಲು ಗಡಿಯೊಳಗಿದ್ಯಾ ನೋಡಿ, ಆಮೇಲೆ ಅಡ್ರೆಸ್‌ನ ಗಡಿ ಮೈನಸ್ ಉದ್ದದ ಜೊತೆ ಹೋಲಿಸಿ.

ಗಡಿಯೊಳಗಿದೆ ಅಂದ್ರೆ ಮ್ಯಾಪ್ ಆಗಿದೆ ಅಂತಲ್ಲ. ನಡುವೆ ಒಂದು ಪೇಜ್ ಇಲ್ಲದೇ ಇದ್ರೆ ಕರ್ನಲ್ ಮೋಡ್‌ನಲ್ಲೇ ಪೇಜ್ ಫಾಲ್ಟ್ ಬರತ್ತೆ, ನಿಮ್ಮ ಹ್ಯಾಂಡ್ಲರ್ ಪ್ಯಾನಿಕ್ ಅಂತ ಬರ್ದು ನಿಲ್ಲತ್ತೆ. ಇದಕ್ಕೆ ಎರಡು ದಾರಿ. ಎಂಐಟಿಯ ಎಕ್ಸ್‌ವಿ6 ಅನ್ನೋ ಪಾಠದ ಓಎಸ್‌ನ ರಿಸ್ಕ್-ವಿ ಆವೃತ್ತಿ ಥರ ಪ್ರತಿ ಪೇಜ್‌ಗೂ ಪೇಜ್ ಟೇಬಲ್ ನಡೆದು ಫಿಸಿಕಲ್ ಅಡ್ರೆಸ್ ಹುಡುಕಿ, ಯೂಸರ್ ಬಿಟ್ ಇದ್ಯಾ ನೋಡಿ, ಕರ್ನಲ್‌ನ ಸ್ವಂತ ಮ್ಯಾಪಿಂಗ್ ಮೂಲಕ ಕಾಪಿ ಮಾಡೋದು. ನಿಧಾನ, ಆದ್ರೆ ಫಾಲ್ಟೇ ಆಗಲ್ಲ. ಇನ್ನೊಂದು ಲಿನಕ್ಸ್ ಥರ, ಧೈರ್ಯವಾಗಿ ನೇರ ಕಾಪಿ ಮಾಡೋದು, ಫಾಲ್ಟ್ ಆದ್ರೆ ಆ ಇನ್‌ಸ್ಟ್ರಕ್ಷನ್ ಅಡ್ರೆಸ್‌ನ ಒಂದು ಟೇಬಲ್‌ನಲ್ಲಿ ಹುಡುಕಿ ಎರರ್ ಕೊಡೋ ಜಾಗಕ್ಕೆ ಹಾರೋದು. ಶುರುವಿಗೆ ಮೊದಲನೇದು ಸಾಕು. ಥ್ರೆಡ್ ಬಂದ ಮೇಲೆ ಮಾತ್ರ ಹುಷಾರು, ನೀವು ಟೇಬಲ್ ನಡೀತಿರೋವಾಗ ಇನ್ನೊಂದು ಥ್ರೆಡ್ ಅದೇ ಪೇಜ್‌ನ ಅನ್‌ಮ್ಯಾಪ್ ಮಾಡಿ ಆ ಫ್ರೇಮ್ ಬೇರೆಯೋರಿಗೆ ಹೋಗಿರ್ಬೋದು, ಕಾಪಿ ಮುಗಿಯೋವರೆಗೂ ಅಡ್ರೆಸ್ ಸ್ಪೇಸ್ ಲಾಕ್ ಹಿಡಿದಿರ್ಬೇಕು.

ಸ್ಟ್ರಿಂಗ್, ಸ್ಟ್ರಕ್ಟ್ ಏನೇ ಇರ್ಲಿ ಒಂದೇ ಸಲ ಕರ್ನಲ್ ಬಫರ್‌ಗೆ ಕಾಪಿ ಮಾಡ್ಕೊಂಡು ಆ ಕಾಪಿನೇ ಚೆಕ್ ಮಾಡಿ, ಆ ಕಾಪಿನೇ ಬಳಸಿ. ಯೂಸರ್ ಮೆಮೊರಿಲಿ ಚೆಕ್ ಮಾಡಿ ಮತ್ತೆ ಅಲ್ಲಿಂದಲೇ ಓದಿದ್ರೆ ಎರಡರ ನಡುವೆ ಅದು ಬದಲಾಗಿರತ್ತೆ. ವಾಪಸ್ ಸ್ಟ್ರಕ್ಟ್ ಕೊಡೋವಾಗ ಮೊದಲು ಪೂರ್ತಿ ಸೊನ್ನೆ ಮಾಡಿ ಆಮೇಲೆ ತುಂಬ್ಸಿ, ಪ್ಯಾಡಿಂಗ್‌ನಲ್ಲಿ ಕರ್ನಲ್ ಸ್ಟ್ಯಾಕ್‌ನ ಚೂರು ಪಾರು ಹೊರಗೆ ಹೋಗ್ತಿರತ್ತೆ.

ಪೇಜ್‌ಫಾಲ್ಟ್_ಪುಟ್ಟ:
ಅಣ್ಣ, ಹಾಬಿ ಓಎಸ್‌ಗೆ ಯಾವ ಹ್ಯಾಕರ್ ಬರ್ತಾನೆ? ಓಡ್ಸೋದು ಒಬ್ರೇ, ಪ್ರೋಗ್ರಾಂ ಬರೆಯೋರೂ ಅವ್ರೇ.

ಟ್ರ್ಯಾಪ್_ಫ್ರೇಮ್:
ಹ್ಯಾಕರ್ ಬೇಕಾಗಿಲ್ಲಪ್ಪ. ಯೂಸರ್ ಪ್ರೋಗ್ರಾಂನಲ್ಲಿ ಇನಿಷಿಯಲೈಸ್ ಆಗದೇ ಇರೋ ಒಂದು ಪಾಯಿಂಟರ್ ರೀಡ್‌ಗೆ ಹೋಯ್ತು ಅನ್ಕೋ, ಅದರಲ್ಲಿ ಕರ್ನಲ್ ಅಡ್ರೆಸ್ ಇತ್ತು, ಕರ್ನಲ್ ವಿಧೇಯವಾಗಿ ಫೈಲ್‌ನ ಡೇಟಾನ ಶೆಡ್ಯೂಲರ್ ಕ್ಯೂ ಮೇಲೆ ಬರ್ದು ಬಿಡ್ತು. ಎಷ್ಟೋ ಹೊತ್ತಾದ್ಮೇಲೆ ಸಂಬಂಧವೇ ಇಲ್ಲದ ಜಾಗದಲ್ಲಿ ಟ್ರಿಪಲ್ ಫಾಲ್ಟ್, ಅಂದ್ರೆ ಮಷೀನೇ ರೀಸೆಟ್. ಹುಡುಕ್ತಾ ಕೂರು. ಚೆಕ್ ಇದ್ದಿದ್ರೆ ಅಲ್ಲೇ ಇಫಾಲ್ಟ್ (ಕೆಟ್ಟ ಅಡ್ರೆಸ್) ಅಂತ ಎರರ್ ಬಂದಿರೋದು. ಸಿಪಿಯುಲಿ ಸ್ಮ್ಯಾಪ್ (ಕರ್ನಲ್ ಯೂಸರ್ ಮೆಮೊರಿ ಮುಟ್ಟದ ಹಂಗೆ ತಡೆಯೋದು) ಇದ್ರೆ ಅದನ್ನೂ ಆನ್ ಮಾಡಿಡು, ಸ್ಟ್ಯಾಕ್ ಇನ್‌ಸ್ಟ್ರಕ್ಷನ್, ಅದೇ ಎಸ್-ಟಿ-ಎ-ಸಿ, ಹಾಕ್ದೇ ಯೂಸರ್ ಮೆಮೊರಿ ಮುಟ್ಟಿದ್ರೆ ತಕ್ಷಣ ಫಾಲ್ಟ್ ಕೊಡತ್ತೆ, ಕಾಪಿ ಫಂಕ್ಷನ್ ಬಿಟ್ಟು ನೇರ ಪಾಯಿಂಟರ್ ಬಳಸಿರೋ ಜಾಗ ಎಲ್ಲಾ ಒಂದೊಂದಾಗಿ ಆಚೆ ಬರತ್ತೆ. ಆನ್ ಮಾಡಿದ್ರೆ ಎಸ್‌ಎಫ್‌ಮಾಸ್ಕ್‌ಗೆ ಎಸಿ ಬಿಟ್ಟೂ ಸೇರಿಸ್ಬೇಕು, ಇಲ್ಲಾಂದ್ರೆ ಯೂಸರ್‌ರೇ ಎಸಿ ಹಾಕ್ಕೊಂಡು ಬಂದುಬಿಡ್ತಾನೆ.

ಪೇಜ್‌ಫಾಲ್ಟ್_ಪುಟ್ಟ:
ಸರಿ ಇದು ಡೀಬಗ್ಗಿಂಗ್‌ಗೇ ಉಪಯೋಗ ಅಂದ್ರೆ ಓಕೆ 🙏

ಸೆಮಿಕೋಲನ್:
ಎರರ್ ಬಗ್ಗೆ ಯಾರೂ ಹೇಳಿಲ್ಲ. ಆರ್‌ಎಎಕ್ಸ್‌ನಲ್ಲೇ ಮೈನಸ್ ನಂಬರ್ ಕೊಡು, ಮೈನಸ್ 1ರಿಂದ ಮೈನಸ್ 4095ರವರೆಗೆ ಎರರ್, ಮಿಕ್ಕಿದ್ದೆಲ್ಲಾ ರಿಸಲ್ಟ್. ಅಡ್ರೆಸ್ ಸ್ಪೇಸ್‌ನ ಕೊನೇ ಪೇಜ್ ಯೂಸರ್‌ಗೆ ಯಾವತ್ತೂ ಸಿಗಲ್ಲ, ಅದಕ್ಕೇ ಎಂಮ್ಯಾಪ್ (ಮೆಮೊರಿ ಮ್ಯಾಪ್ ಮಾಡೋ ಕಾಲ್) ವಾಪಸ್ ಕೊಡೋ ಅಡ್ರೆಸ್ ಜೊತೆ ಗಲಿಬಿಲಿ ಆಗಲ್ಲ. ಎರ್‌ನೋ ಅನ್ನೋ, ಸಿ ಪ್ರೋಗ್ರಾಂಗಳು ಎರರ್ ನಂಬರ್ ನೋಡೋ ವೇರಿಯಬಲ್ ಕರ್ನಲ್‌ಗೆ ಗೊತ್ತೇ ಇರ್ಬಾರ್ದು, ಅದು ಲೈಬ್ರರಿ ತಲೆನೋವು. ಒಂದು ಮಜಾ ವಿಷ್ಯ, ಲಿನಕ್ಸ್‌ನಲ್ಲಿ ಗೆಟ್‌ಪ್ರಯಾರಿಟಿಯ (ಪ್ರೋಸೆಸ್‌ನ ಆದ್ಯತೆ ಕೇಳೋ ಕಾಲ್) ನಿಜವಾದ ಉತ್ತರಾನೇ ಮೈನಸ್ 20ರಿಂದ 19ರವರೆಗೆ ಬರೋದ್ರಿಂದ ಕರ್ನಲ್ ಅದನ್ನ 40ರಿಂದ 1ಕ್ಕೆ ತಿರುಗ್ಸಿ ಕೊಡತ್ತೆ, ಲೈಬ್ರರಿ ಮತ್ತೆ ತಿರುಗ್ಸತ್ತೆ.

ಹಳೇ_ಯೂನಿಕ್ಸಿಗ:
ಆ ಥರ ಸರ್ಕಸ್ ಬೇಡ ಅಂದ್ರೆ ಎರರ್ ಒಂದ್ರಲ್ಲಿ, ಬೆಲೆ ಇನ್ನೊಂದ್ರಲ್ಲಿ, ಆರ್‌ಎಎಕ್ಸ್ ಮತ್ತೆ ಆರ್‌ಡಿಎಕ್ಸ್. ಹೊಸ ಓಎಸ್‌ಗೆ ನನಗೆ ಇದೇ ಇಷ್ಟ. ಏನಿದ್ರೂ ಒಂದೇ ರೀತಿ ಇರ್ಲಿ, ಒಂದು ಕಾಲ್ ಸೊನ್ನೆ ಅಂದ್ರೆ ಎರರ್, ಇನ್ನೊಂದು ಮೈನಸ್ ಒಂದು ಅಂದ್ರೆ ಎರರ್ ಅನ್ನೋ ಹಂಗೆ ಆಗ್ಬಾರ್ದು.

ಇನ್ನೊಂದು ಮಾತು, ಫ್ಲ್ಯಾಗ್ಸ್. ಪ್ರತಿ ಕಾಲ್‌ಗೂ ಒಂದು ಫ್ಲ್ಯಾಗ್ಸ್ ಆರ್ಗ್ಯುಮೆಂಟ್ ಇಡಿ, ಇವತ್ತು ಅದರಲ್ಲಿ ಏನೂ ಇಲ್ದೇ ಇದ್ರೂ ಪರ್ವಾಗಿಲ್ಲ. ಪೈಪ್‌ಗೆ ಫ್ಲ್ಯಾಗ್ಸ್ ಇರ್ಲಿಲ್ಲ, 2008ರಲ್ಲಿ ಪೈಪ್2 ಬಂತು. ಎಫ್‌ಡಿ ನಕಲು ಮಾಡೋ ಡಪ್, ಡಪ್2 ಆಗಿ ಡಪ್3 ಬಂತು. ಕ್ಲೋನ್3, ಓಪನ್ಎಟ್2 ಎಲ್ಲಾ ಅದೇ ಕಥೆ. ಆದ್ರೆ ಬರೀ ಆರ್ಗ್ಯುಮೆಂಟ್ ಇಟ್ರೆ ಸಾಲಲ್ಲ, ಗೊತ್ತಿಲ್ಲದ ಬಿಟ್ ಬಂದ್ರೆ ಇನ್‌ವ್ಯಾಲಿಡ್ ಅಂತ ಎರರ್ ಕೊಡ್ಲೇಬೇಕು. ಲಿನಕ್ಸ್ ಓಪನ್ ಗೊತ್ತಿಲ್ಲದ ಬಿಟ್‌ನ ಸುಮ್ನೆ ನುಂಗ್ಕೊಳತ್ತೆ, ಅದ್ರಿಂದ ಹೊಸ ಬಿಟ್‌ಗೆ ಅರ್ಥ ಕೊಟ್ಟಾಗ ಹಳೇ ಕರ್ನಲ್ ಅದನ್ನ ಮಾಡಿದ್ಯೋ ಬಿಟ್ಟಿದ್ಯೋ ಪ್ರೋಗ್ರಾಂಗೆ ತಿಳಿಯೋ ಹಂಗೇ ಇಲ್ಲ. 2020ರ ಓಪನ್ಎಟ್2ನಲ್ಲಿ ಇದನ್ನ ಸರಿ ಮಾಡಿದ್ರು, ಜೊತೆಗೆ ಸ್ಟ್ರಕ್ಟ್‌ನ ಸೈಜ್‌ನೂ ಕಳಿಸ್ಬೇಕು, ಮುಂದೆ ಸ್ಟ್ರಕ್ಟ್ ಬೆಳೆದ್ರೂ ನಡೀತದೆ. ಹಂಗೇ ಟೈಮ್ ಏನೇ ಇದ್ರೂ 64 ಬಿಟ್, 2038ರ ಜನವರಿ 19ರ ತಲೆನೋವು ನಿಮ್ಗೆ ಬೇಡ.

ಆರ್‌ವಿ_ಪ್ರೇಮಿ:
ಫೋರ್ಕ್ ಬಗ್ಗೆ? ನಾನು ಫೋರ್ಕ್ ಪಾರ್ಟಿ. ಆರ್ಗ್ಯುಮೆಂಟೇ ಇಲ್ಲದ ಕಾಲ್, ಶೆಲ್‌ನಲ್ಲಿ ರೀಡೈರೆಕ್ಷನ್ ಮಾಡೋವಾಗ ಫೋರ್ಕ್ ಮತ್ತೆ ಎಕ್ಸೆಕ್ (ಪ್ರೋಸೆಸ್‌ಗೆ ಹೊಸ ಪ್ರೋಗ್ರಾಂ ತುಂಬೋ ಕಾಲ್) ನಡುವೆ ಮಗು ಪ್ರೋಸೆಸ್ ಒಳಗೆ ಎಫ್‌ಡಿಗಳನ್ನ ಹೆಂಗೆ ಬೇಕೋ ಹಂಗೆ ಜೋಡಿಸ್ಕೋಬೋದು. ಎಕ್ಸ್‌ವಿ6ನಲ್ಲಿ ಒಟ್ಟು ಇರೋದೇ 21 ಕಾಲ್, ಅಷ್ಟ್ರಲ್ಲೇ ಪೈಪ್ ಇರೋ ಶೆಲ್ ಓಡತ್ತೆ ಅಂದ್ರೆ ಅದಕ್ಕೆ ಫೋರ್ಕೇ ಕಾರಣ.

ಟ್ರ್ಯಾಪ್_ಫ್ರೇಮ್:
ಹೊರಗಿಂದ ನೋಡಕ್ಕೆ ಚಿಕ್ಕದು, ಒಳಗೆ ಕರ್ನಲ್‌ನ ಪ್ರತಿ ಭಾಗಾನೂ "ಫೋರ್ಕ್ ಆದ್ರೆ ನಾನೇನು ಮಾಡ್ಬೇಕು" ಅಂತ ಉತ್ತರ ಹೇಳ್ಬೇಕು. ಕಾಪಿ-ಆನ್-ರೈಟ್ (ಬರೆದಾಗ ಮಾತ್ರ ಪೇಜ್ ಕಾಪಿ ಮಾಡೋದು) ಇಲ್ದೇ ಇದ್ರೆ ಎಲ್ಲಾ ಪೇಜ್ ಕಾಪಿ ಮಾಡಿ ಮುಂದಿನ ಕ್ಷಣ ಎಕ್ಸೆಕ್ ಅಂತ ಬಿಸಾಕ್ಬೇಕು. ಥ್ರೆಡ್ ಇದ್ರಂತೂ ಕರೆದ ಥ್ರೆಡ್ ಒಂದೇ ಮಗುವಿನಲ್ಲಿ ಉಳಿಯತ್ತೆ, ಬೇರೆ ಥ್ರೆಡ್ ಹಿಡ್ಕೊಂಡಿದ್ದ ಮ್ಯಾಲಕ್ (ಮೆಮೊರಿ ಕೊಡೋ ಫಂಕ್ಷನ್) ಲಾಕ್ ಬಿಚ್ಚೋರೇ ಇರಲ್ಲ. ಹಂಗಂತ ಪಾಸಿಕ್ಸ್ ಸ್ಪಾನ್ ಥರ ಹತ್ತಾರು ಆಪ್ಷನ್ ತುಂಬಿದ ಕಾಲ್ ಕೂಡ ಚೆಂದ ಇಲ್ಲ. ನಾನಾಗಿದ್ರೆ ಗೂಗಲ್‌ನ ಫ್ಯೂಷಿಯಾ ಓಎಸ್‌ನ ಝಿರ್ಕಾನ್ ಕರ್ನಲ್ ದಾರಿ ಹಿಡೀತಿದ್ದೆ: ಖಾಲಿ ಪ್ರೋಸೆಸ್ ಹುಟ್ಸೋ ಒಂದು ಕಾಲ್, ಅದು ಹ್ಯಾಂಡಲ್ ಕೊಡತ್ತೆ. ಆ ಹ್ಯಾಂಡಲ್ ಹಿಡ್ಕೊಂಡು ಮೆಮೊರಿ ಮ್ಯಾಪ್ ಮಾಡು, ಯಾವ ಫೈಲ್ ಕೊಡ್ಬೇಕೋ ಅದಷ್ಟೇ ಕೊಡು, ಕೊನೇಲಿ ಸ್ಟಾರ್ಟ್ ಅನ್ನು. ಫೋರ್ಕ್‌ನಲ್ಲಿ ಮಗು ತನ್ನೊಳಗೆ ಮಾಡ್ಕೊಳ್ಳೋದನ್ನೇ ಇಲ್ಲಿ ತಾಯಿ ಹೊರಗಿಂದ ಮಾಡ್ತಾಳೆ, ಫ್ಲೆಕ್ಸಿಬಿಲಿಟಿ ಏನೂ ಹೋಗಲ್ಲ. ಇಎಲ್‌ಎಫ್ ಲೋಡರ್ ಕೂಡ ಕರ್ನಲ್ ಬಿಟ್ಟು ಯೂಸರ್ ಲೈಬ್ರರಿಗೆ ಹೋಗತ್ತೆ.

ಆರ್‌ವಿ_ಪ್ರೇಮಿ:
ಹ್ಮ್ ಮೊದಲನೇ ಪ್ರೋಸೆಸ್‌ಗೆ ಹೆಂಗಿದ್ರೂ ಕರ್ನಲ್‌ನಲ್ಲಿ ಲೋಡರ್ ಬೇಕಲ್ಲ. ಆದ್ರೂ ಥ್ರೆಡ್ ಪಾಯಿಂಟ್ ಸರಿ ಇದೆ.

ರಿಂಗ್‌ಸೊನ್ನೆ:
ಎಲ್ರಿಗೂ ಥ್ಯಾಂಕ್ಸ್, ಇಷ್ಟು ಸಿಗತ್ತೆ ಅನ್ಕೊಂಡಿರ್ಲಿಲ್ಲ. ಈಗ ಹಿಂಗೆ ಇಟ್ಕೊಂಡೆ: ಬಾಗಿಲು ಸದ್ಯಕ್ಕೆ ಇಂಟ್, ರಿಜಿಸ್ಟರ್ ಲೆಕ್ಕ ಮಾತ್ರ ಸಿಸ್‌ಕಾಲ್‌ದು, ನಾಲ್ಕನೇದು ಆರ್10. ನಂಬರ್ ನಂದೇ, ಒಂದೇ ಮ್ಯಾಕ್ರೋ ಟೇಬಲ್‌ನಿಂದ ಕರ್ನಲ್ ಡಿಸ್‌ಪ್ಯಾಚ್, ಲೈಬ್ರರಿಯ ಸ್ಟಬ್ (ಕಾಲ್ ಮಾಡಿಕೊಡೋ ಪುಟ್ಟ ಫಂಕ್ಷನ್), ಜೊತೆಗೆ ಸೀರಿಯಲ್ ಪೋರ್ಟ್‌ಗೆ ಸ್ಟ್ರೇಸ್ ಥರ ಲಾಗ್ ಮೂರೂ ಹುಟ್ಟತ್ತೆ. ರೀಡ್, ರೈಟ್, ಓಪನ್, ಕ್ಲೋಸ್, ಮ್ಯಾಪ್, ಅನ್‌ಮ್ಯಾಪ್, ಪ್ರೋಸೆಸ್ ಕ್ರಿಯೇಟ್, ಹ್ಯಾಂಡಲ್ ಕೊಡೋದು, ಸ್ಟಾರ್ಟ್, ವೇಟ್, ಎಕ್ಸಿಟ್, ಟೈಮ್, ಇಷ್ಟೇ ಮೊದಲ ಕಂತು. ಎರರ್ ಆರ್‌ಎಎಕ್ಸ್, ಬೆಲೆ ಆರ್‌ಡಿಎಕ್ಸ್.

ಒಂದು ಕೊನೇ ಡೌಟ್. ಕೀಬೋರ್ಡ್‌ನಿಂದ ರೀಡ್ ಅಂದಾಗ ಡೇಟಾ ಇಲ್ಲ, ಪ್ರೋಸೆಸ್‌ನ ಮಲಗ್ಸಿ ಬೇರೆಯೋರ್ನ ಓಡಿಸ್ಬೇಕು. ಈಗ ನನಗಿರೋದು ಸಿಪಿಯುಗೆ ಒಂದೇ ಕರ್ನಲ್ ಸ್ಟ್ಯಾಕ್. ಅರ್ಧಕ್ಕೆ ನಿಂತಿರೋ ಸಿಸ್ಟಂ ಕಾಲ್‌ನ ಸ್ಥಿತಿ ಎಲ್ಲಿರತ್ತೆ?

ಹಳೇ_ಯೂನಿಕ್ಸಿಗ:
ಒಂದೇ ಸ್ಟ್ಯಾಕ್ ಇದ್ರೆ ಎಲ್ಲೂ ಇರಲ್ಲ, ಮುಂದಿನ ಪ್ರೋಸೆಸ್ ಅದರ ಮೇಲೇ ಬರೀತದೆ. ಪ್ರತಿ ಥ್ರೆಡ್‌ಗೂ ಒಂದೊಂದು ಕರ್ನಲ್ ಸ್ಟ್ಯಾಕ್ ಕೊಡಿ, 8 ಅಥವಾ 16 ಕೆಬಿ ಸಾಕು, ಕೆಳಗೆ ಮ್ಯಾಪ್ ಆಗದ ಒಂದು ಗಾರ್ಡ್ ಪೇಜ್ ಬಿಡಿ. ರೀಡ್ ಒಳಗೆ ಲೂಪ್‌ನಲ್ಲಿ "ಡೇಟಾ ಇದ್ಯಾ, ಇಲ್ಲಾಂದ್ರೆ ಮಲಗು" ಅಂತ ಬರೀರಿ, ಎದ್ದ ಮೇಲೆ ಮತ್ತೆ ಚೆಕ್ ಮಾಡ್ಬೇಕು, ಬೇರೆ ಯಾರೋ ಆ ಡೇಟಾ ಎತ್ಕೊಂಡು ಹೋಗಿರ್ಬೋದು. ಚೆಕ್ ಮಾಡಿ ಮಲಗೋ ನಡುವೆ ಕೀಬೋರ್ಡ್ ಇಂಟರಪ್ಟ್ ಬಂದ್ರೆ ಎಬ್ಬಿಸೋ ಕರೆ ತಪ್ಪೋಗತ್ತೆ, ಅದಕ್ಕೆ ಎರಡೂ ಒಂದೇ ಲಾಕ್ ಒಳಗೆ, ಇಂಟರಪ್ಟ್ ಆಫ್ ಮಾಡಿ. ಶೆಡ್ಯೂಲರ್ ಥ್ರೆಡ್ ಬದಲಾಯಿಸಿದಾಗಲೆಲ್ಲಾ ಟಿಎಸ್‌ಎಸ್‌ನ ಆರ್‌ಎಸ್‌ಪಿ0ಗೆ ಹೊಸ ಥ್ರೆಡ್‌ನ ಸ್ಟ್ಯಾಕ್ ಮೇಲ್ತುದಿ ಬರೀರಿ, ಮುಂದೆ ಸಿಸ್‌ಕಾಲ್‌ಗೆ ಹೋದಾಗ ಪರ್-ಸಿಪಿಯು ಜಾಗದಲ್ಲಿರೋ ಕಾಪಿನೂ ಅದೇ ಸಾಲಿನಲ್ಲಿ ಬದಲಾಯಿಸಿ. ಯೂಸರ್ ಆರ್‌ಎಸ್‌ಪಿನೂ ಪರ್-ಸಿಪಿಯು ಜಾಗದಲ್ಲೇ ಬಿಟ್ಟು ಮಲಗ್ಬೇಡಿ, ಎಂಟ್ರಿಲೇ ಥ್ರೆಡ್‌ನ ಸ್ಟ್ಯಾಕ್ ಮೇಲಿನ ಫ್ರೇಮ್‌ಗೆ ಎತ್ತಿಡಿ.